ಮುಂದಿನ ಗಾಲಿ, ಅರ್ಧ ತೊಲೆ

ನಂದಕುಮಾರ ಮಾಸ್ತರರ ಮೋಟರ್ ಸೈಕಲ್ಲಿನ ಮುಂದಿನ ಟೈರು ಬೋಳಾಗಿ ಆರು ತಿಂಗಳಾಗಿತ್ತು. ಅದರ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ತಕರಾರು ಶುರುವಾದದ್ದು ಭಾನುವಾರ ಬೆಳಿಗ್ಗೆ ಭಾಲ್ಕಿಯಿಂದ ಮಾವ ಮನ್ಮಥಪ್ಪನವರ ಫೋನು ಬಂದಾಗ.

"ಅಳಿಯಂದ್ರ, ಉಂಗುರ ಮರೀಬ್ಯಾಡ್ರಿ. ನಾಕಕ್ಕ ನಿಶ್ಚಯ ಅದ. ಮತ್ತ ಆ ಟೈರ್ ನೀವು ಮುಟ್ಟಬ್ಯಾಡ್ರಿ. ನಮ್ಮ ಶಿವಕಾಂತಂದು ಔರಾದದಾಗ ಟೈರಿನ ದುಕಾನೇ ಅದ. ಪುಕಟ ಹಾಕಿ ಕೊಡ್ತಾನ."

ಶಿವಕಾಂತನೆಂದರೆ ಮಾವನ ಕಿರಿಯ ಮಗಳು ಕಾಜಲಳನ್ನು ಮದುವೆಯಾಗಲಿರುವ ಹುಡುಗ. ಎರಡೇ ತಿಂಗಳ ಪರಿಚಯ, ಆಗಲೇ 'ನಮ್ಮ ಶಿವಕಾಂತ'! ಹಿರಿಯ ಅಳಿಯನಾಗಿ ಹನ್ನೆರಡು ವರ್ಷ ಸವೆಸಿದರೂ ಮಾವನ ಬಾಯಲ್ಲಿ ಒಂದು ದಿನವೂ 'ನಮ್ಮ ನಂದಕುಮಾರ' ಬಂದಿರಲಿಲ್ಲ.

ನ್ಯಾಯದ ಮಾತಿಗೆ ಬಂದರೆ ಮನ್ಮಥಪ್ಪ ಭೇದ ಮಾಡುವ ಮನುಷ್ಯರಲ್ಲ. ಹನ್ನೆರಡು ವರ್ಷದ ಹಿಂದೆ ಹಿರಿಯ ಅಳಿಯನ ಬೆರಳಿಗೆ ಅರ್ಧ ತೊಲೆಯ ಉಂಗುರ ಹಾಕಿದ್ದರು. ಈಗ ಕಿರಿಯವನಿಗೂ ಅದೇ ಬೀದರಿನ ಅಕ್ಕಸಾಲಿಗನ ಹತ್ತಿರ ಅದೇ ನಮೂನೆಯ ಅರ್ಧ ತೊಲೆ. ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೆಂಪು ಡಬ್ಬಿಯಲ್ಲಿ ಆಗಲೇ ಮನೆಗೆ ಬಂದಿದ್ದ ಅದನ್ನು ಭಾಲ್ಕಿಗೆ ತರುವ ಜವಾಬ್ದಾರಿ ನಂದಕುಮಾರರದು. ಹೆಂಡತಿ ಶಶಿಕಲಾ ಎರಡು ದಿನ ಮೊದಲೇ ತವರಿಗೆ ಹೋಗಿದ್ದಳು, ಹೋಗುವಾಗ "ಬಸ್ಸಿಗೆ ಬರ್ರಿ" ಎಂದು ಮೂರು ಸಲ ಹೇಳಿದ್ದಳು.

ಆದರೆ ಮಾಸ್ತರರು ಹೊಸ ಟೈರು, ಅದನ್ನು ಎಬ್ಬಿಸುವ ಎರಡು ಕಬ್ಬಿಣದ ಪಟ್ಟಿ ಹಿಂದಿನ ದಿನವೇ ತಂದಿದ್ದರು. ವಿಡಿಯೋ ನಾಲ್ಕು ಸಲ ನೋಡಿದ್ದರು. ಅಂಗಡಿಯವನಿಗೆ ಕೊಡುವ ಮುನ್ನೂರು ರೂಪಾಯಿ ಉಳಿಯುತ್ತದೆ, ಮಾವನ ಎದುರು ತಾನೇನೆಂದು ತೋರಿಸಿದಂತೆಯೂ ಆಗುತ್ತದೆ. ಬೀದರಿನ ಮೈಲೂರು ಬಡಾವಣೆಯಲ್ಲಿದ್ದ ತಮ್ಮ ಮನೆಯ ಅಂಗಳದಲ್ಲಿ, ಬನಿಯನ್ನಿನ ಮೇಲೆ ಯುದ್ಧಕ್ಕೆ ಕೂತರು.

ಹಳೆಯ ಟೈರೇನೋ ಬಂತು. ಹೊಸದು ಒಳಗೆ ಹೋಗಲು ಒಲ್ಲೆನೆಂದಿತು. ಡಾಕ್ಟರರ ಮಾತು ಕೇಳಿ ಸಕ್ಕರೆ, ಅನ್ನ ಬಿಟ್ಟ ಮೇಲೆ ಮಾಸ್ತರರ ಮೈ ಇಳಿದು ಕಡ್ಡಿಯಾಗಿತ್ತು. ಟೈರಿನ ಮೇಲೆ ಹತ್ತಿ ನಿಂತರೂ ಅದು ಜಗ್ಗಲಿಲ್ಲ.

ಪಕ್ಕದ ಮನೆಯ ಕಾಂತಾಬಾಯಿ ಕಂಪೌಂಡಿನ ಮೇಲೆ ಗದ್ದ ಊರಿದಳು. "ಮಾಸ್ತರ್ರ, ಮುಂಜಾನಿಂದ ಅದರ ಜೋಡಿ ಕುಸ್ತಿ ಹಿಡೀಲಕತ್ತೀರಿ. ಸಾಬಣ ನೀರ ಹಚ್ರಿ! ಬಳಿ ತೊಡಸೋ ಮುಂದ ಹಚ್ಚಲ್ಲೇನ್ರಿ?"

ಹೇಳಿ ಸುಮ್ಮನಿರುವ ಹೆಣ್ಣುಮಗಳಲ್ಲ. ಅರ್ಧ ಬಕೆಟ್ ಸಾಬಣ ನೀರು ತಂದು ಟೈರಿನ ಮೇಲೂ ಮಾಸ್ತರರ ಕೈಮೇಲೂ ಸುರಿದಳು. ಟೈರು ಜಾರಿ ಒಳಗೆ ಕೂತಿತು. ಗಾಳಿ ಹೊಡೆದು, ಗಾಲಿ ಜೋಡಿಸಿ, ಮಾಸ್ತರರು ಬೆವರು ಒರೆಸಿಕೊಳ್ಳುವಾಗ ಎದುರು ಮನೆಯ ಅಬ್ದುಲ ಅಜೀಜ ಬಂದರು. ಬಿದ್ರಿ ಕೆಲಸದಲ್ಲಿ ಮೂವತ್ತು ವರ್ಷ ಬೆಳ್ಳಿ ತಂತಿ ಕೂರಿಸಿದ ಕಣ್ಣು, ಸಣ್ಣದನ್ನೂ ಬಿಡುವುದಿಲ್ಲ.

"ಅರೇ ಮಾಸ್ಟರ್ ಸಾಬ್, ಟೈರಿನ ಮ್ಯಾಲ ಬಾಣ ಅದ ನೋಡ್ರಿ. ಹಿಂದ ಹೊಂಟದ! ನೀವು ಭಾಲ್ಕಿಗಿ ಹೋಗೋರೋ, ಹೈದರಾಬಾದಕ್ಕೋ?"

ಬಗ್ಗಿ ನೋಡಿದರೆ ಹೌದು, ಗಾಲಿಯ ಕೆಳಭಾಗದಲ್ಲಿದ್ದ ಬಾಣದ ಮೊನೆ ಹಿಂದಕ್ಕಿತ್ತು. ಬಿಚ್ಚಿದರು. ಸಾಬಣ ನೀರು ಸುರಿದು ಟೈರು ತಿರುಗಿಸಿ ಹಾಕಿದರು. ಅಜೀಜ ಸಮಾಧಾನದಿಂದ ಚಹಾ ತರಲು ಹೋದರು.

ಕಾಂತಾಬಾಯಿ ಬಂದು ಗಾಲಿಯನ್ನೊಮ್ಮೆ ತಿರುವಿ ನೋಡಿದಳು. "ಅಯ್ಯ ಮಾಸ್ತರ್ರ! ಬಾಣ ಹಿಂದ ನೋಡ್ಲಕತ್ತದಲ್ರಿ!"

ನೋಡಿದರೆ ಖರೆ! ಮೇಲ್ಭಾಗಕ್ಕೆ ಬಂದಿದ್ದ ಬಾಣ ಹಿಂದಕ್ಕೇ ತಿರುಗಿತ್ತು. ಈಗ ತಾನೇ ಮುಂದಿತ್ತಲ್ಲ? ಮಾಸ್ತರರ ತಲೆ ಗಿರ್ ಎಂದಿತು. ಮತ್ತೆ ಬಿಚ್ಚಿದರು, ಮತ್ತೆ ಸಾಬಣ, ಮತ್ತೆ ಮೊಣಕೈವರೆಗೆ ನೊರೆ. ಮೂರನೆಯ ಸಲ ಹಾಕಿ ಮುಗಿಸುವಷ್ಟರಲ್ಲಿ ಅಜೀಜ ಚಹಾದ ಕಪ್ಪು ಹಿಡಿದು ಬಂದರು.

"ಯಾ ಅಲ್ಲಾ, ಮತ್ತ ಉಲ್ಟಾ ಹಾಕೀರಿ!"

"ಯಾಕ್ರಿ ಉಲ್ಟಾ? ಈಗರ ಸೀದಾ ಆಗ್ಯಾದ!" ಕಾಂತಾಬಾಯಿ ಸೊಂಟಕ್ಕೆ ಕೈಯಿಟ್ಟಳು.

ಇಬ್ಬರೂ ಜಗಳಕ್ಕೆ ಬಿದ್ದರು. ಮಾಸ್ತರರಿಗೆ ಯಾರ ಮಾತೂ ತಿಳಿಯದೆ, ನೆಲಕ್ಕೆ ಕೂತು ಸುಮ್ಮನೆ ಬೆರಳಿನಿಂದ ಗಾಲಿ ತಿರುವಿದರು. ಬಾಣ ಮೇಲೆ ಬಂದಾಗ ಮುಂದಕ್ಕೆ ಹೋಯಿತು. ಕೆಳಗೆ ಬಂದಾಗ ಹಿಂದಕ್ಕೆ ಬಂತು. ಇನ್ನೊಮ್ಮೆ ತಿರುವಿದರು. ಅದೇ ಕತೆ.

"ಗಾಲಿ ತಿರುಗ್ತದಲ್ರಿ..." ಎಂದರು ಸಣ್ಣ ದನಿಯಲ್ಲಿ. ಅಂದರೆ ಮೊದಲನೆಯ ಸಲ ಹಾಕಿದ್ದೇ ಸರಿಯಿತ್ತು. ಹದಿನೆಂಟು ವರ್ಷ ಗಣಿತ ಕಲಿಸಿದ ಮೇಷ್ಟ್ರಿಗೆ ಇದು ಹೊಳೆಯಲು ಮಧ್ಯಾಹ್ನ ಒಂದೂವರೆಯಾಗಿತ್ತು!

ಇನ್ನು ಬ್ಯಾಲೆನ್ಸಿಂಗು. ವಿಡಿಯೋದಲ್ಲಿ ತೋರಿಸಿದಂತೆ ಗಾಲಿಯನ್ನು ಕಳಚಿ, ಅದರ ಸರಳನ್ನು ಎರಡು ಕುರ್ಚಿಗಳ ಬೆನ್ನಿನ ಮೇಲಿಟ್ಟು ತಿರುವಿದರು. ಪ್ರತಿ ಸಲ ಒಂದೇ ಜಾಗ ಕೆಳಗೆ ಬಂದು ನಿಂತಿತು. ಅಲ್ಲಿ ಭಾರ ಹೆಚ್ಚು, ಎದುರು ಬದಿಗೆ ಅಷ್ಟೇ ಭಾರ ಅಂಟಿಸಬೇಕು. ಎರಡು ರೂಪಾಯಿಯ ನಾಣ್ಯ ಅಂಟಿಸಿದರೆ ಕಡಿಮೆ ಬಿತ್ತು, ಐದರ ನಾಣ್ಯ ಹೆಚ್ಚಾಯಿತು.

"ಹೊಸ ಟೈರ್ ಇಷ್ಟ್ಯಾಕ ವಜ್ಜಾ ಅದ?" ಅಜೀಜ ಗಡ್ಡ ಕೆರೆದುಕೊಂಡರು. "ನಡುವಿಂದು ಏನರ ಬೇಕು."

ಮಾಸ್ತರರ ಕಣ್ಣು ಕಿಟಕಿಯಲ್ಲಿಟ್ಟ ಕೆಂಪು ಡಬ್ಬಿಯ ಮೇಲೆ ಬಿತ್ತು. ಸುಮ್ಮನೆ ನೋಡೋಣವೆಂದು ಶಿವಕಾಂತನ ಉಂಗುರವನ್ನು ಟೇಪಿನಿಂದ ಅಂಟಿಸಿದರು. ಗಾಲಿ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು! ಕೂದಲೆಳೆಯಷ್ಟೂ ಅಲುಗಲಿಲ್ಲ.

"ಮಾಸ್ತರ್ರ, ಬಂಗಾರ ಗಾಲಿಗಿ ಕಟ್ಟಿ ಹೋಗಬ್ಯಾಡ್ರಿ ಮತ್ತ!" ಕಾಂತಾಬಾಯಿ ಎದೆ ಹಿಡಿದುಕೊಂಡಳು.

"ನನಗೇನ್ ಹುಚ್ಚೇನ್ರಿ?" ಮಾಸ್ತರರು ಉಂಗುರ ಬಿಡಿಸಿದರು. ಅಜೀಜ ತಮ್ಮ ಬೆಳ್ಳಿ ತೂಗುವ ತಕ್ಕಡಿ ತಂದು, ಒಂದು ತಟ್ಟೆಯಲ್ಲಿ ಉಂಗುರ, ಇನ್ನೊಂದರಲ್ಲಿ ಜಸ್ತದ, ಅಂದರೆ ಸತುವಿನ, ತುಂಡು ಇಟ್ಟು, ಅರದಿಂದ ತಿಕ್ಕಿ ತಿಕ್ಕಿ ಸಮ ಮಾಡಿದರು. ಜಸ್ತ ಗಾಲಿಗೆ ಹೋಯಿತು, ಉಂಗುರ ಡಬ್ಬಿಗೆ ಹೋಯಿತು. ಮಾಸ್ತರರು ಡಬ್ಬಿ ತೆರೆದು ನೋಡಿದರು. ದಾರಿಯಲ್ಲಿ ಮೂರು ಕಡೆ ಗಾಡಿ ನಿಲ್ಲಿಸಿ ಮತ್ತೆ ನೋಡಿದರು.

ಗಾಡಿಯೋ, ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಭಾಲ್ಕಿ ಇನ್ನು ಎರಡು ಮೈಲಿ ಇದೆ ಎನ್ನುವಾಗ ಹ್ಯಾಂಡಲ್ ಕೊಂಚ ಎಳೆಯಿತು, ಖುಷಿಯಲ್ಲಿದ್ದ ಮಾಸ್ತರರು ರಸ್ತೆಯನ್ನು ಬೈದರು. ನಾಲ್ಕಕ್ಕೆ ಹತ್ತು ನಿಮಿಷ ಮುಂಚೆ ಮಾವನ ಮನೆಯ ಚಪ್ಪರದ ಎದುರೇ, ಎಲ್ಲರಿಗೂ ಕಾಣುವಂತೆ ಗಾಡಿ ನಿಲ್ಲಿಸಿದರು.

ಮನ್ಮಥಪ್ಪ ಡಬ್ಬಿ ತೆರೆದರು. ಉಂಗುರ ಫಳಫಳ ಹೊಳೆಯಿತು. "ಶಾಭಾಸ್! ಟೈಮಿಗಿ ಬಂದ್ರಿ. ಟೈರ್ ಯಾರ ಹಾಕಿದ್ರು?"

"ನಾನೇ ರೀ ಮಾವಾರ. ಬ್ಯಾಲೆನ್ಸಿಂಗ್ ಸುದ್ದಾ."

"ಮಷಿನ್ ಇಲ್ದೆ ಹ್ಯಾಂಗ ಮಾಡಿದ್ರಿ ಅಣ್ಣಾರ?" ಶಿವಕಾಂತ ನಿಜವಾಗಿಯೂ ಬೆರಗಾದ.

"ಲೆಕ್ಕ ಗೊತ್ತಿದ್ರ ಮಷಿನ್ ಯಾಕ ಬೇಕ್ರಿ?" ಮಾಸ್ತರರು ಮೀಸೆ ತೀಡಿದರು. "ಒಂದ ಬಾಜೂಕ ಕರೆಕ್ಟ್ ಅರ್ಧ ತೊಲಿ ವಜ್ಜಾ ಇತ್ತು. ಎದುರಿಗಿ ಅರ್ಧ ತೊಲಿ ಜಸ್ತ ಕೂಡ್ಸಿದೆ. ಮುಗೀತು!"

ಶಿವಕಾಂತನ ಬೆರಳಿಗೆ ಉಂಗುರ ಏರಿತು. ಮನ್ಮಥಪ್ಪ ಫೋಟೋದವನನ್ನು ತಡೆದರು. "ತಡೀಪಾ. ನನ್ನ ಅಳಿಯಂದ್ರು ಇಬ್ಬರೂ ನನಗ ಸರಿಸಮಾನ. ಎರಡೂ ಉಂಗುರ ಜೋಡಿ ಹಿಡದು ಒಂದ ಫೋಟೋ ಹೊಡಿ. ಅಳಿಯಂದ್ರ, ಕೈ ತರ್ರಿ."

ಮಾಸ್ತರರು ಎದೆಯುಬ್ಬಿಸಿ ಕೈ ಚಾಚಿದರು. ಬೆರಳಿನಲ್ಲಿ ಉಂಗುರವಿರಲಿಲ್ಲ. ಹನ್ನೆರಡು ವರ್ಷದ ಬಿಳಿ ಗುರುತು ಮಾತ್ರ ಇತ್ತು. ಕೈ ಬದಲಿಸಿ ನೋಡಿದರು. ಅಲ್ಲಿ ಗುರುತೂ ಇರಲಿಲ್ಲ.

"ಉಂಗುರ ಎಲ್ಲದರಿ? ಮುಂಜಾನಿ ವಿಡಿಯೋ ಫೋನಿನಾಗ ನಾನೇ ನೋಡೀನಿ!" ಶಶಿಕಲಾ ಚೀರಿದಳು.

ಟೈರಿನ ಅಂಗಡಿಯ ಶಿವಕಾಂತನಿಗೆ ಎಲ್ಲರಿಗಿಂತ ಮೊದಲು ಹೊಳೆಯಿತು. "ಅಣ್ಣಾರ, ಟೈರಿಗಿ ಸಾಬಣ ನೀರ ಹಚ್ಚಿದ್ರೇನ್ರಿ?"

"ಮೂರ ಸಲ," ಎಂದರು ಮಾಸ್ತರರು. ಅಷ್ಟರಲ್ಲಿ ಅವರಿಗೂ ಲೆಕ್ಕ ತಾಳೆಯಾಯಿತು. ಸಡಿಲಾದ ಬೆರಳಿನಿಂದ ಜಾರಿದ ಉಂಗುರ ಟೈರಿನೊಳಗೆ ಕೂತಿತ್ತು. ಅದರ ಎದುರು ಬದಿಗೇ ಅಜೀಜರ ಜಸ್ತ ಕೂತಿತ್ತು.

ಇಡೀ ಚಪ್ಪರ ಎದ್ದು ಗಾಡಿಯ ಸುತ್ತ ನಿಂತಿತು. ಒಳಗಿನ ಉಂಗುರ ಟ್ಯೂಬನ್ನು ಕೊರೆದು, ಮುಂದಿನ ಗಾಲಿ ಆಗಲೇ ನೆಲಕ್ಕೆ ಚಪ್ಪಟೆಯಾಗಿತ್ತು. ಗಾಡಿಯ ಚೀಲದಲ್ಲಿದ್ದ ಮಾಸ್ತರರದೇ ಕಬ್ಬಿಣದ ಪಟ್ಟಿಗಳನ್ನು ಹಿಡಿದು ಶಿವಕಾಂತ ರೇಷ್ಮೆ ಅಂಗಿಯ ತೋಳು ಮಡಚಿದ. ಕೂರುವ ಮೊದಲು ಬೆರಳಿನ ಹೊಸ ಉಂಗುರ ತೆಗೆದ.

"ಟೈರ್ ಕೆಲಸಕ್ಕ ಕೂಡೋ ಮುಂದ ಮೊದಲ ಇದನ್ನ ತೆಗೀಬೇಕ್ರಿ ಅಣ್ಣಾರ," ಎಂದು ಮರ್ಯಾದೆಯಿಂದಲೇ ಹೇಳಿ, "ಒಂದ ಮಿನಿಟ ಹಿಡೀರಿ" ಎಂದು ನಂದಕುಮಾರರತ್ತ ಚಾಚಿದ.

ಮಾಸ್ತರರು ಕೈಯೊಡ್ಡುವಷ್ಟರಲ್ಲಿ ಮನ್ಮಥಪ್ಪ ಪಂಚೆ ಎತ್ತಿಕೊಂಡು ಓಡಿ ಬಂದು ನಡುವೆ ನಿಂತರು.

"ಯಾರ ಕೈಯಾಗರ ಕೊಡಪಾ, ನಮ್ಮ ನಂದಕುಮಾರನ ಕೈಯಾಗ ಮಾತ್ರ ಕೊಡಬ್ಯಾಡ!"

ಹನ್ನೆರಡು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಮಾಸ್ತರರು ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡರು.