ಯಸಳೂರಿನಲ್ಲಿ ಐದು ನಿಮಿಷ

ಒಂಟಿಯಾಗಿರುವ ಮನುಷ್ಯ ಮಾತಿಗಾಗಿ ಏನು ಬೇಕಾದರೂ ಮಾಡುತ್ತಾನೆ. ಕೆಲವರು ವಿಮೆ ಏಜೆಂಟನನ್ನು ತಾವಾಗಿಯೇ ಮನೆಗೆ ಕರೆದು ಕೂರಿಸಿಕೊಳ್ಳುತ್ತಾರೆ. ನಾನು ಅರವತ್ತಮೂರನೆಯ ವಯಸ್ಸಿನಲ್ಲಿ ನೂರೈವತ್ತು ಕಿಲೋಮೀಟರಿನ ಸೈಕಲ್ ಸ್ಪರ್ಧೆಗೆ ಹೆಸರು ಕೊಟ್ಟೆ. ಹಾಸಿಗೆ ಹಿಡಿದವರನ್ನು ಮನೆಮನೆಗೆ ಹೋಗಿ ನೋಡಿಕೊಳ್ಳುವ ದಾದಿಯರಿಗೆ ಜೀಪು ಕೊಡಿಸಲೆಂದು ನಡೆಸಿದ ಸ್ಪರ್ಧೆ. ಅರವತ್ತು ದಾಟಿದವರಿಗೆ ಮಾತ್ರ. ಎಂಥ ಪರೋಪಕಾರಿ ಎಂದು ಊರವರು ಹೊಗಳಿದರು. ನಾನು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ, ನನಗೆ ಬೇಕಾಗಿದ್ದುದು ಸ್ಪರ್ಧೆಯಲ್ಲ, ಅದರ ಅಭ್ಯಾಸ.

ಮೂವತ್ತು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು ನಾನು. ದಿನಾ ಬೆಳಿಗ್ಗೆ ನೂರು ಆಳುಗಳ ಹೆಸರು ಕೂಗಿ ಹಾಜರಿ ಹಾಕಿದ ಗಂಟಲು ಇದು. ನಿವೃತ್ತನಾಗಿ ಆಲೂರಿಗೆ ಬಂದ ಮರುವರ್ಷ ಹೆಂಡತಿ ತೀರಿಕೊಂಡಳು. ಆಮೇಲೆ ಹೆಸರು ಹಿಡಿದು ಕೂಗಲು ಮನೆಯಲ್ಲಿ ಯಾರೂ ಉಳಿಯಲಿಲ್ಲ. ಕುಕ್ಕರ್ ಕೂಗಿದರೆ, 'ಬಂದೆ ಮಾರಾಯ್ತಿ, ತಡಿ' ಎಂದು ಅದಕ್ಕೇ ಉತ್ತರ ಕೊಡುವ ಮಟ್ಟಕ್ಕೆ ಇಳಿದಿದ್ದೆ.

ಅಂಥ ಹೊತ್ತಿನಲ್ಲಿ ಸಿಕ್ಕವರು ನಿವೃತ್ತ ಡ್ರಿಲ್ ಮೇಷ್ಟ್ರು ಶಿವಣ್ಣ ಮತ್ತು ನಾಲ್ಕೆಕರೆ ಕಾಫಿ ತೋಟದ ರುದ್ರೇಗೌಡರು. ಅವರೂ ಸ್ಪರ್ಧೆಗೆ ಹೆಸರು ಕೊಟ್ಟಿದ್ದರು. ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಮೂವರೂ ಮಗ್ಗೆಯವರೆಗೆ ಹೋಗಿ ಬರುತ್ತಿದ್ದೆವು. ಸೈಕಲ್ಲಿಗಿಂತ ಬಾಯಿಯೇ ಹೆಚ್ಚು ಓಡುತ್ತಿತ್ತು. ಮೆಣಸಿನ ಬಳ್ಳಿಯ ರೋಗ, ಗೌಡರ ಮೊಣಕಾಲು, ಮೇಷ್ಟ್ರು ಹಿಂದೆಂದೋ ಆಡಿದ ಕಬಡ್ಡಿ, ಎಲ್ಲ ಮುಗಿದು ಮತ್ತೆ ಮೊಣಕಾಲಿಗೇ ಬಂದು ನಿಲ್ಲುತ್ತಿದ್ದೆವು. ಸೈಕಲ್ಲಿನ ಬಿಗಿ ಚಡ್ಡಿ ಹಾಕಿ ಹೊರಟ ಮೊದಲ ದಿನ ಎದುರುಮನೆಯ ಗಿರಿಜಮ್ಮ, 'ರೈಟ್ರೇ, ಪಂಚೆ ಮರ್ತ್ ಬಂದ್ಬುಟ್ರಾ?' ಅಂದರು. ಹೆಂಡತಿ ಹೋದಮೇಲೆ ನನ್ನ ಉಡುಪಿನ ಬಗ್ಗೆ ಯಾರಾದರೂ ಮಾತಾಡಿದ್ದು ಅದೇ ಮೊದಲು. ಮಾರನೆಯ ದಿನವೂ ಅದೇ ಚಡ್ಡಿ ಹಾಕಿದೆ.

ಸ್ಪರ್ಧೆ ಹತ್ತಿರ ಬಂದಂತೆ ಅವರಿಬ್ಬರಿಗೆ ನಾವು ಮುಟ್ಟಿ ಮರಳಬೇಕಿದ್ದ ಬಿಸಿಲೆಯ ದಾರಿಯ ಏರಿನ ಭಯ, ನನಗೆ ಸ್ಪರ್ಧೆಯ ಮರುದಿನದ ಭಯ. ಎಲ್ಲ ಮುಗಿದಮೇಲೆ ಇವರು ಯಾಕೆ ಬರುತ್ತಾರೆ? ಆದರೆ ಗೌಡರು ಶುರುವಿನಲ್ಲೇ ಒಂದು ಮಾತು ಹೇಳಿದ್ದರು: 'ಗೆದ್ರೆ ಮೂರ್ ಜನಾನೂ ಒಟ್ಗೆ. ಈ ವರ್ಷ ಆಗ್ದಿದ್ರೆ ಬರೋ ವರ್ಷ ಒಟ್ಗೆ.' ನಾನು ಆ ಮಾತಿನ ಎರಡನೆಯ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸ್ಪರ್ಧೆಯ ಗಡುವು ಸಂಜೆ ಆರು; ಅಷ್ಟರೊಳಗೆ ಮೂವರೂ ತಲುಪದೆ ಹೋದರೆ ಇನ್ನೊಂದು ವರ್ಷ ಅಭ್ಯಾಸ. ಹೇಗೂ ದಾನಿಗಳು ಕೊಡಿಸಿದ ಜೀಪು ಆಗಲೇ ಬಂದು ನಿಂತಿತ್ತು, ಹಾಗಾಗಿ ಮನಸ್ಸು ಚುಚ್ಚಲಿಲ್ಲ.

ಸ್ಪರ್ಧೆಯ ದಿನ ಬಿಸಿಲೆಯಲ್ಲಿ, ಅಲ್ಲಿಗೆ ಮುಟ್ಟಿದ್ದಕ್ಕೆ ಕಾರ್ಡಿಗೆ ಮುದ್ರೆ ಒತ್ತಿಸಿಕೊಂಡು ತಿರುಗಿ ಯಸಳೂರಿಗೆ ಬಂದಾಗ ನನ್ನ ಹೆಂಡತಿಯ ಚಿಕ್ಕಮ್ಮನ ಮನೆ ಕಂಡಿತು. ಕಂಡಿತು ಅನ್ನುವುದು ಸುಳ್ಳು. ನಾವು ಬರುವ ಹೊತ್ತನ್ನು ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿದ್ದೆ. ಅವರು ರಸ್ತೆಗೇ ಬಂದು ನಿಂತಿದ್ದರು. 'ಕಾಫಿ ಕುಡೀದೆ ಹೋಯ್ತೀರಾ? ಬನ್ನಿ, ಎಲ್ರೂ ಬನ್ನಿ.' ನಮ್ಮ ಕಡೆ ಈ ಮಾತಿಗೆ ಇಲ್ಲ ಅಂದವನು ಮತ್ತೆ ಆ ಮನೆಯ ಮದುವೆಗೂ ಹೋಗುವ ಹಾಗಿಲ್ಲ. ಮೂವರೂ ಇಳಿಯುತ್ತೇವೆ ಎಂದು ನಾನಂದುಕೊಂಡಿದ್ದೆ. ನೆಂಟರಲ್ಲದವರಿಗೆ ಈ ಕಾಯಿದೆ ಅಷ್ಟು ಬಿಗಿಯಲ್ಲ ಎಂಬುದನ್ನು ಮರೆತಿದ್ದೆ.

ಮೇಷ್ಟ್ರು ವಾಚು ನೋಡಿ, 'ನಿಮ್ ನೆಂಟ್ರು, ನೀವ್ ಕುಡ್ಕಂಡ್ ಬನ್ನಿ. ನಾವ್ ಮೆಲ್ಲಗೆ ತುಳೀತಿರ್ತೀವಿ' ಅಂದರು. 'ಐದೇ ನಿಮಿಷ' ಎಂದು ನಾನು ಒಳಗೆ ಹೋದೆ. ಕಾಫಿಯ ಜೊತೆಗೆ ಅಕ್ಕಿರೊಟ್ಟಿ ಬಂತು. ರೊಟ್ಟಿ ಬಡಿಸುತ್ತ ಚಿಕ್ಕಮ್ಮ, 'ಇದ್ನ ಅವ್ಳಿಗೆ ಕಲ್ಸಿದ್ದೇ ನಾನು' ಎಂದು ಅಳತೊಡಗಿದರು. ಅಳುವವರನ್ನು ಬಿಟ್ಟು ಎದ್ದು ಬರುವುದು ಹೇಗೆ? ನನಗೂ ಅಳು ಬಂತು. ಆ ಚಡ್ಡಿಯಲ್ಲಿ ಕೂತು ಅತ್ತ ಮೊದಲ ಅಳಿಯ ನಾನೇ ಇರಬೇಕು. ಹೊರಗೆ ಬರುವಾಗ ಒಂದೂವರೆ ಗಂಟೆ ಕಳೆದಿತ್ತು.

ಏರು ಮುಗಿಯುವಲ್ಲಿ ಕಾಯುತ್ತಿರುತ್ತಾರೆ ಎಂದುಕೊಂಡೆ. ಇರಲಿಲ್ಲ. ಸಕಲೇಶಪುರದಲ್ಲೂ ಇರಲಿಲ್ಲ. ಆಲೂರು ಮುಟ್ಟಿದಾಗ ಏಳಾಗಿತ್ತು, ಶಾಮಿಯಾನ ಬಿಚ್ಚುತ್ತಿದ್ದರು. ಇಬ್ಬರೂ ಕೊರಳಲ್ಲಿ ಪದಕ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು.

'ಒಟ್ಗೆ ಅಂದಿದ್ರಲ್ಲ ಗೌಡ್ರೇ?'

'ನೀವ್ ಹಿಂದೇನೇ ಬತ್ತಿದೀರಿ ಅನ್ಕಂಡ್ವಿ ಕಣ್ರೀ. ಕಾಫಿ ಕುಡ್ದೋರು, ಎಲ್ಲಿ ನಮ್ಮನ್ನೂ ದಾಟಿ ಹೋಗ್ಬುಡ್ತೀರೋ ಅಂತ ಹೆದರ್ಕಂಡು ಜೋರಾಗಿ ತುಳುದ್ವಿ.'

ಎರಡು ದಿನ ಸುಧಾರಿಸಿಕೊಳ್ಳಲಿ ಎಂದು ಬಿಟ್ಟೆ. ಮೂರನೆಯ ದಿನ ಬೆಳಿಗ್ಗೆ ರಸ್ತೆಯಲ್ಲಿ ಅರ್ಧ ಗಂಟೆ ನಿಂತು, ಕೊನೆಗೆ ಗೌಡರಿಗೆ ಫೋನ್ ಮಾಡಿದೆ. 'ನಮ್ದು ಮುಗೀತಲ್ಲ ರೈಟ್ರೇ' ಅಂದರು. 'ಬಾಕಿ ಇರೋದು ನಿಮ್ದೊಂದೇ. ಬರೋ ವರ್ಷಕ್ಕೆ ನಿಮ್ ಹೆಸ್ರು ನಾನೂ ಮೇಷ್ಟ್ರೂ ಸೇರಿ ಬರ್ಸಿದೀವಿ. ಬಿಡ್ದಂಗೆ ಪ್ರಾಕ್ಟೀಸ್ ಮಾಡಿ.'

ಮಾಡುತ್ತಿದ್ದೇನೆ. ದಿನಾ ಬೆಳಿಗ್ಗೆ ಒಬ್ಬನೇ ಮಗ್ಗೆಗೆ ಹೋಗಿ ಬರುತ್ತೇನೆ. ಮೊದಲು ಎರಡೂವರೆ ಗಂಟೆ ಹಿಡಿಯುತ್ತಿದ್ದ ದಾರಿ ಈಗ ಒಂದೂವರೆ ಗಂಟೆಯಲ್ಲಿ ಮುಗಿದುಹೋಗುತ್ತದೆ. ಮಾತಾಡಲು ಯಾರೂ ಇಲ್ಲದಿದ್ದರೆ ಮನುಷ್ಯ ಎಷ್ಟು ವೇಗವಾಗಿ ಹೋಗಬಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.