ಅತ್ತೆಯ ಕಾಲುಚೀಲ, ಅಳಿಯನ ಬೂಟು

"ಈ ವರ್ಷ ಹಿರಿಯರ ಸ್ಕೀ ಪಂದ್ಯದ ಕಪ್ಪು ನಮ್ಮನೆಗೇ ಬರುತ್ತೆ, ಬರೆದಿಟ್ಕೊಳ್ಳಿ!" ಎಂದು ಗೆಬ್‌ಹಾರ್ಟ್ ಬೇಕರಿಯ ಮುಂದೆ ನಿಂತು ಸಾರಿದ. ಟಿರೋಲ್ ಬೆಟ್ಟದ ಆ ಹಳ್ಳಿಯಲ್ಲಿ ಬರೆದಿಟ್ಟುಕೊಳ್ಳದವರೇ ಉಳಿಯಲಿಲ್ಲ. ಹೊಸ ಬೂಟು ಕೊಂಡ ಗತ್ತು ಅದು.

ಆದರೆ ಆ ಬೂಟು ಮೊದಲ ದಿನವೇ ಅವನ ಪಾದವನ್ನು ಇಕ್ಕಳದ ಹಾಗೆ ಹಿಡಿಯಿತು. ಒಂದು ಇಳಿಜಾರು ಮುಗಿಯುವಷ್ಟರಲ್ಲಿ ಕಿರುಬೆರಳು ಇದೆಯೋ, ಕಾಲವಾಯಿತೋ ತಿಳಿಯದಾಯಿತು. ಬೂಟಿನೊಳಗೆ, ಅದೇ ಮನೆಯ ಕೆಳಮಹಡಿಯಲ್ಲಿರುವ ಅತ್ತೆ ಕ್ರೆಸೆಂಟ್ಸಿಯಾ ಕ್ರಿಸ್‌ಮಸ್‌ಗೆ ಹೆಣೆದುಕೊಟ್ಟ ಕಂಬಳಿಯಂಥ ಉಣ್ಣೆಯ ಕಾಲುಚೀಲವಿತ್ತು, ನಿಜ. ಹಾಗೆಂದು ಅದನ್ನು ತೆಗೆದು ಎಪ್ಪತ್ತನಾಲ್ಕರ ಅತ್ತೆಯ ಮನಸ್ಸು ನೋಯಿಸುವುದುಂಟೇ? ಅವನು ಬೂಟಿನ ಮೇಲೆಯೇ ಯುದ್ಧ ಸಾರಿದ.

ಅಂಗಡಿಗೆ ಒಯ್ದು ಹಿಗ್ಗಿಸಿಕೊಂಡು ಬನ್ನಿ ಎಂದು ಹೆಂಡತಿ ಬುರ್ಗಿ ಹೇಳಿ ಹೇಳಿ ಸುಸ್ತಾದಳು. ಮೂವತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವನಿಗೆ ಬೂಟು ಯಾವ ಲೆಕ್ಕ! ಮೊದಲು ಕಾಲುಗುರು ಕತ್ತರಿಸಿದ. ಸಾಲದೆಂದು ಬೂಟಿನ ಒಳಮೆತ್ತೆಯನ್ನು ಕೆರೆದ. ಕೊನೆಗೆ ಬುರ್ಗಿ ಕೂದಲು ಒಣಗಿಸುವ ಯಂತ್ರವನ್ನು ಕೊಟ್ಟಿಗೆಗೆ ಹೊತ್ತೊಯ್ದು, ಬೂಟಿನ ಗಟ್ಟಿ ಪ್ಲಾಸ್ಟಿಕ್ಕನ್ನು ಕಾಯಿಸಿ, ಒಳಗೆ ಸೌದೆ ಸೀಳುವ ಬೆಣೆ ಜಡಿದ.

"ರೀ, ಇದು ಬೂಟೋ ಕುಂಬಳಕಾಯೋ?" ಎಂದಳು ಬುರ್ಗಿ.

"ಪಾದಕ್ಕೂ ಉಸಿರಾಡೋಕೆ ಜಾಗ ಬೇಡ್ವೇನೇ?"

ಪಂದ್ಯದ ದಿನ ಅವನ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ ಅತ್ತೆ ತಾವೂ ಪಂದ್ಯಕ್ಕಿಳಿಯಲು ತಮ್ಮ ಬೂಟು ತೊಡುತ್ತಿದ್ದರು. ಅವರ ಕಾಲಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಲುಚೀಲ! ಗೆಬ್‌ಹಾರ್ಟ್ ಬಗ್ಗಿ ಮತ್ತೊಮ್ಮೆ ನೋಡಿದ.

"ಅತ್ತೆ... ಆ ಉಣ್ಣೇದು ಎಲ್ಲಿ?"

"ಅದು ಮನೇಲಿ ಒಲೆ ಪಕ್ಕ ಕೂತಾಗ ಹಾಕೋದು. ಬೂಟೊಳಗೆ ಅದನ್ನ ಯಾರಾದ್ರೂ ತುರುಕ್ತಾರಾ, ಅಳಿಯಂದ್ರೇ?"

ಇಡೀ ಬೆಂಚು ನಕ್ಕಿತು. ಬೇಕರಿಯವನಂತೂ ಟೋಪಿ ತೆಗೆದು ನಕ್ಕ. ಅವಮಾನ ತಾಳದೆ ಗೆಬ್‌ಹಾರ್ಟ್ ಉಣ್ಣೆಯ ಕಾಲುಚೀಲ ಕಿತ್ತೆಸೆದು, ಬರಿಗಾಲನ್ನೇ ಬೂಟಿಗಿಳಿಸಿ ಹೊರಟ. ಎರಡನೆಯ ತಿರುವಿನಲ್ಲಿ ಸ್ಕೀಯೂ ಬಲಗಾಲಿನ ಬೂಟೂ ಎಡಕ್ಕೆ ಹೋದವು. ಗೆಬ್‌ಹಾರ್ಟ್ ಬಲಕ್ಕೆ ಹೋದ. ಹಿಮದ ಗುಡ್ಡೆಯಿಂದ ಮೇಲೆದ್ದು ನಿಂತ ಕೆಂಪು ಪಾದವೊಂದನ್ನು ಕಂಡು, ಅತ್ತೆ ಕೈಬೀಸಿ ಪಕ್ಕದಲ್ಲೇ ಸುಯ್ಯೆಂದು ಇಳಿದುಹೋದರು.

ಕಪ್ಪು ಮಾತ್ರ ಅವನು ಸಾರಿದಂತೆ ಅವರ ಮನೆಗೇ ಬಂತು. ಸಂಜೆ ಅತ್ತೆ ಒಲೆಯ ಪಕ್ಕ ಕೂತು, ತಾವು ಗೆದ್ದ ಕಪ್ಪಿನೊಳಗೆ ಉಣ್ಣೆಯ ಉಂಡೆ ಇಟ್ಟುಕೊಂಡು ಹೆಣೆಯುತ್ತಿದ್ದರು.

"ಇದು ಯಾರಿಗೆ ಅತ್ತೆ?" ಬಿಸಿನೀರಿನಲ್ಲಿ ಕಾಲಿಟ್ಟುಕೊಂಡ ಗೆಬ್‌ಹಾರ್ಟ್ ಮೆಲ್ಲಗೆ ಕೇಳಿದ.

"ನಿಮಗೇ. ಆ ಬೂಟಿಗೆ ಇನ್ಮೇಲೆ ಎರಡು ಜೊತೆ ಬೇಕಲ್ಲ!"