ಅಳಿಯ ಎಳೆದ ಬಿಳಿ ಗೀಟು

ಹದಿನೆಂಟು ವರ್ಷ ಆ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಕಟ್ಟಿದವನನ್ನು ಬಿಟ್ಟು, ಯಜಮಾನರು ತಮ್ಮ ಅಳಿಯನನ್ನು ಮೇಸ್ತ್ರಿ ಮಾಡಿದರು. ಅಳಿಯ ಕೆಲಸಕ್ಕೆ ಸೇರಿ ಆಗ ಒಂಬತ್ತು ದಿನವಾಗಿತ್ತು.

ಪಕ್ಕಕ್ಕೆ ಸರಿದವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಓಡುವ ಎಂಜಿನ್ನಿಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಒಳಗೆ ಯಾರಿಗೆ ಏನು ಸಂಕಟ ಎಂದು ಹೇಳಬಲ್ಲವನು. ಅವನಿಗೆ ಬೇಕಿದ್ದದ್ದು ಒಂದೇ, ಮೇಸ್ತ್ರಿಯ ಕುರ್ಚಿ. ದರ್ಬಾರಿಗಲ್ಲ, ಮಂಡಿಗಾಗಿ. ಸಿಮೆಂಟು ನೆಲದ ಮೇಲೆ ಊರಿ ಊರಿ ಅವನ ಎರಡೂ ಮಂಡಿಗಳು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುತ್ತಿದ್ದವು. ಮೇಸ್ತ್ರಿಯಾದರೆ ಕೂತು ಕೆಲಸ ಹೇಳಬಹುದು.

ಒಂದು ದಿನ ಬೆಳಿಗ್ಗೆ ಯಜಮಾನರು ಅವನ ಹೆಗಲ ಮೇಲೆ ಕೈ ಹಾಕಿದರು. ಅವರು ಹೆಗಲ ಮೇಲೆ ಕೈ ಹಾಕಿದರೆಂದರೆ ಏನೋ ಭಾರ ಇಳಿಸುತ್ತಾರೆಂದೇ ಅರ್ಥ.

"ನೋಡು ಕಿವಿ, ನಾಲ್ಕು ಗಂಟೆಗೆ ಪರವಾನಗಿ ಸಾಹೇಬ್ರು ಬರ್ತಾರೆ. ನೀನು ಕಟ್ಟಿರೋ ಎಂಜಿನ್ ನೋಡಿ ಒಪ್ಪಿದ್ರೆ ನಮ್ದು ಮಾನ್ಯತೆ ಪಡೆದ ಗ್ಯಾರೇಜು. ಅಳಿಯಂದಿರನ್ನ ಮೇಲಿನ ಆಫೀಸಿಗೆ ಕಳಿಸ್ತೀನಿ. ಕುರ್ಚಿ ನಿಂದು."

"ಮಾತು ಮಾತೇ ತಾನೆ ಯಜಮಾನ್ರೆ?"

"ನಾನು ಯಾವತ್ತಾದ್ರೂ ಮಾತು ತಪ್ಪಿದೀನಾ?"

ತಪ್ಪಿರಲಿಲ್ಲ. ಹದಿನೆಂಟು ವರ್ಷದಲ್ಲಿ ಕೊಟ್ಟಿದ್ದ ಮೊದಲನೇ ಮಾತು ಅದು.

ಕಿವಿಯಣ್ಣ ಹುರುಪಿನಿಂದ ಬಾನೆಟ್ ಎತ್ತಿದ. ಹನ್ನೊಂದು ದಿನ ಕೂತು ಕಟ್ಟಿದ ಎಂಜಿನ್ನು. ಉಳಿದಿದ್ದದ್ದು ಟೈಮಿಂಗ್ ಕೂಡಿಸುವುದೊಂದೇ. ಎಂಜಿನ್ನಿನ ಮುಂದಿನ ಪುಲ್ಲಿಯ ಅಂಚಿನಲ್ಲಿ ಒಂದು ಗುರುತು, ಅದರ ಪಕ್ಕ ಅಲುಗಾಡದ ಒಂದು ಮುಳ್ಳು. ಪುಲ್ಲಿ ತಿರುಗಿ ಗುರುತು ಮುಳ್ಳಿನೆದುರು ಬಂದ ಕ್ಷಣಕ್ಕೆ ಮೊದಲನೇ ಸಿಲಿಂಡರಿನಲ್ಲಿ ಕಿಡಿ ಹಾರಬೇಕು. ಮುಂಚೆ ಹಾರಿದರೆ ಎಂಜಿನ್ ಒದೆಯುತ್ತದೆ, ತಡವಾದರೆ ಕೆಮ್ಮುತ್ತದೆ. ಈ ಪುಲ್ಲಿಯ ಮೇಲೆ ಬಿಳಿ ಗೀಟು ಮದುವೆ ಮನೆಯ ಸುಣ್ಣದಂತೆ ಫಳಫಳ ಹೊಳೆಯುತ್ತಿತ್ತು. ಯಾರೋ ತೊಳೆದಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಬಿಳಿ ಗೀಟಿಗೆ ಸರಿಯಾಗಿ ತಿರುಗಿಸಿ ಬಿಗಿದು ಕೀಲಿ ತಿರುವಿದ.

ಎಂಜಿನ್ ಎರಡು ಸಲ ಕೆಮ್ಮಿತು. ಸೈಲೆನ್ಸರಿನಿಂದ ಢಮಾರ್ ಎಂದು ಗುಂಡು ಹಾರಿತು. ಗ್ಯಾರೇಜಿನ ಹಿಂಬದಿಯಲ್ಲಿ ಕೂತು ಕಾರಿನ ಸೀಟು ಹೊಲಿಯುತ್ತಿದ್ದ, ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು.

"ಅಣ್ಣಾ, ಎಂಜಿನ್ ಕಟ್ಟಿದೀಯೋ ಫಿರಂಗಿ ಕಟ್ಟಿದೀಯೋ?"

ಪಕ್ಕದ ಬ್ಯಾಟರಿ ಅಂಗಡಿಯವನು ಸದ್ದು ಕೇಳಿ ಓಡಿ ಬಂದ. ಅವನಿಗೆ ಲೋಕದ ಸಕಲ ರೋಗಕ್ಕೂ ಕಾರಣ ಒಂದೇ. "ಬ್ಯಾಟರಿ ವೀಕು."

"ಗುಂಡು ಹಾರ್ತಿದೆ ಮಾರಾಯ, ಬ್ಯಾಟರಿಗೇನಾಗಿದೆ?"

"ವೀಕಾದಾಗ್ಲೇ ಕೋಪ ಜಾಸ್ತಿ. ನಮ್ಮಪ್ಪನ್ನ ನೋಡಿಲ್ವಾ ನೀನು?"

ಕಿವಿಯಣ್ಣ ಪ್ಲಗ್ ವೈರುಗಳನ್ನು ಕಿತ್ತು ಸರದಿ ನೋಡಿದ. ಸರಿಯಿತ್ತು. ಕಾರ್ಬ್ಯುರೇಟರ್ ಬಿಚ್ಚಿ ಊದಿದ. ಚೊಕ್ಕಟವಿತ್ತು. ಮತ್ತೆ ಕೀಲಿ, ಮತ್ತೆ ಢಮಾರ್. ಎದುರು ಮನೆಯ ಅಜ್ಜಿ ಕಿಟಕಿ ಮುಚ್ಚಿಕೊಂಡರು. ಅಳಿಯ ಕುರ್ಚಿಯಲ್ಲಿ ಕೂತೇ ಕೇಳಿದ, "ಏನ್ರೀ ಕಿವಿಯಣ್ಣ, ಕಿವಿ ಕೈ ಕೊಡ್ತಾ?"

ಆ ಮಾತು ನಾಟಿತು. ತಪ್ಪು ತನ್ನದೇ ಇರಬೇಕು, ಒಳಗಿನ ಚೈನನ್ನು ಒಂದು ಹಲ್ಲು ತಪ್ಪಿಸಿ ಕೂಡಿಸಿರಬೇಕು ಎಂಬ ಹುಳು ಅವನ ತಲೆ ಹೊಕ್ಕಿತು. ಬಡವನ ತಲೆಗೆ ತಾನೇ ತಪ್ಪಿತಸ್ಥ ಎಂಬ ವಿಚಾರ ಹೊಕ್ಕಷ್ಟು ಸಲೀಸಾಗಿ ಬೇರಾವುದೂ ಹೊಗುವುದಿಲ್ಲ. ರೇಡಿಯೇಟರ್ ಇಳಿಸಿ, ಪುಲ್ಲಿ ಕಿತ್ತು, ಮುಂದಿನ ಕವರು ತೆಗೆದ. ಮಂಡಿ ಕಿರುಗುಟ್ಟಿತು, ಬೆನ್ನು ಚುರುಗುಟ್ಟಿತು. ಚೈನು ಒಂದು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

ಎಲ್ಲ ಮತ್ತೆ ಕಟ್ಟುವ ಹೊತ್ತಿಗೆ ಎರಡು ಗಂಟೆ. ಹೆಂಡತಿಯ ಫೋನು ಬಂತು. "ಕುರ್ಚಿ ಬಂತೇನ್ರೀ?"

"ಇನ್ನೂ ನೆಲದ ಮೇಲೇ ಇದೀನಿ ಕಣೆ."

"ಊಟ?"

"ಅದೂ ಡಬ್ಬಿಯಲ್ಲೇ ಇದೆ."

ಕೊನೆಗೆ ಕಣ್ಣು, ಗೀಟು ಎರಡನ್ನೂ ಬಿಟ್ಟು ಕೈಯನ್ನು ನಂಬಿದ. ಮೊದಲನೇ ಪ್ಲಗ್ ಬಿಚ್ಚಿ, ಆ ತೂತಿನೊಳಗೆ ಸ್ಕ್ರೂಡ್ರೈವರ್ ಇಳಿಬಿಟ್ಟು, ಎಂಜಿನ್ನನ್ನು ಪಾನಾದಿಂದ ಮೆಲ್ಲಗೆ ತಿರುಗಿಸಿದ. ಪಿಸ್ಟನ್ ಮೇಲೇರಿ ತುದಿ ಮುಟ್ಟಿ ನಿಂತಾಗ ಬಗ್ಗಿ ನೋಡಿದ. ಈಗ ಮುಳ್ಳಿನೆದುರೇ ಇರಬೇಕಿದ್ದ ಬಿಳಿ ಗೀಟು ಮೂರು ಬೆರಳು ದೂರ ನಿಂತಿತ್ತು. ಮುಳ್ಳಿನೆದುರಿನ ಅಂಚಿನ ಗ್ರೀಸನ್ನು ಉಗುರಿನಿಂದ ಕೆರೆದ. ಕಾರ್ಖಾನೆಯವರು ಕೊರೆದಿದ್ದ ನಿಜವಾದ ಕಚ್ಚು ಕೊಳೆಯೊಳಗೆ ಮುದುಡಿ ಕೂತಿತ್ತು.

"ಈ ಬಿಳಿ ಗೀಟು ಎಳೆದೋರು ಯಾರು?"

"ನಾನೇ ಕಣ್ರೀ!" ಅಳಿಯ ಹಲ್ಲು ಬಿಟ್ಟ. "ನಿನ್ನೆ ಸಂಜೆ ನೋಡಿದ್ರೆ ಮುಳ್ಳಿನೆದುರು ಏನೂ ಇರ್ಲಿಲ್ಲ. ಸಾಹೇಬ್ರು ಬಂದಾಗ ಬೋಳಾಗಿ ಕಾಣ್ಬಾರ್ದು ಅಂತ ಸರಿಯಾಗಿ ಮುಳ್ಳಿನೆದುರಿಗೇ ಬಳಿದೆ. ಸ್ಕೇಲ್ ಇಟ್ಟು!"

ಅಕ್ಕ ಸೂಜಿ ಕೆಳಗಿಟ್ಟಳು. "ಅಂದ್ರೆ ಎಂಜಿನ್ನು ಎಲ್ಲಿ ನಿಂತಿತ್ತೋ ಅಲ್ಲಿಗೇ ಗೀಟು ಹಾಕಿದೀರಾ? ನಿಂತ ಗಡಿಯಾರದಲ್ಲಿ ಟೈಮ್ ನೋಡ್ದಂಗೆ?"

ಕಿವಿಯಣ್ಣ ಬಣ್ಣದ ಡಬ್ಬಿಗೆ ಕೈ ಹಾಕಿದ. ಬೈದರೆ ಕುರ್ಚಿ ಹೋಗುತ್ತದೆ. ನಿಜವಾದ ಕಚ್ಚಿಗೆ ಹಳದಿ ಬಣ್ಣ ತುಂಬಿ, ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಕಿವಿಯೊಡ್ಡಿ ಒಂದು ನೂಲು ಅತ್ತ ಒಂದು ನೂಲು ಇತ್ತ ತಿರುಗಿಸಿ ಬಿಗಿದ. ಈ ಸಲ ಎಂಜಿನ್ ಹಾಲು ಕುಡಿದು ಮಲಗಿದ ಕೂಸಿನಂತೆ ಉಸಿರಾಡಿತು. ತುಂಬಿದ ನೀರಿನ ಲೋಟವನ್ನು ಅದರ ನೆತ್ತಿಯ ಮೇಲಿಟ್ಟ. ಒಂದು ಹನಿ ಚೆಲ್ಲಲಿಲ್ಲ. ಬ್ಯಾಟರಿಯವನು ತಲೆದೂಗಿದ. "ಬ್ಯಾಟರಿ ಚಾರ್ಜ್ ಆಗಿದೆ."

ನಾಲ್ಕಕ್ಕೆ ಸರಿಯಾಗಿ ಸಾಹೇಬರು ಬಂದರು. ಕಂಕುಳಲ್ಲಿ ಫೈಲು, ಕೈಯಲ್ಲಿ ಕಿಡಿ ಹಾರಿದಾಗಲೆಲ್ಲ ಮಿನುಗಿ ಗುರುತು ತೋರಿಸುವ ಟೈಮಿಂಗ್ ಲೈಟು. ಲೋಟದ ನೀರಿನ ಕಡೆ ಕಣ್ಣೆತ್ತಿಯೂ ನೋಡದೆ ಪುಲ್ಲಿಗೆ ಬೆಳಕು ಬಿಟ್ಟರು.

"ಇದೇನ್ರೀ, ಎರಡು ಗುರುತು?"

"ಹಳದಿ ಕಾರ್ಖಾನೆಯದು ಸಾಹೇಬ್ರೆ, ಬಿಳಿ ಸುಮ್ನೆ ಬಣ್ಣ. ಎಂಜಿನ್ ಓಡ್ತಿರೋದು ನೋಡಿ."

"ಓಡೋದಕ್ಕೆ ಫಾರಂನಲ್ಲಿ ಜಾಗ ಇಲ್ಲ. ಇಲ್ಲಿ ಹೀಗಿದೆ: ಬಿಳಿ ಗೀಟು ಮುಳ್ಳಿಗೆ ನೇರವಾಗಿದೆಯೇ? ಹೌದು, ಅಥವಾ ಇಲ್ಲ. ಹಳದಿ ಯಾರು ಬಳಿದದ್ದು?"

ಇಡೀ ಗ್ಯಾರೇಜು ಕಿವಿಯಣ್ಣನನ್ನು ನೋಡಿತು.

"ಗುರುತು ತಿದ್ದೋದು ಅಪರಾಧ, ಗೊತ್ತಾ?"

ಯಜಮಾನರ ಬೆವರಿಳಿಯಿತು. "ಅಳಿಯಂದಿರೇ, ಆ ಹಳದಿ ಒರೆಸಿ! ಕಿವಿ, ಬಿಳಿಗೆ ತಿರುಗಿಸು. ಕುರ್ಚಿ ನೆನಪಿದೆ ತಾನೆ?"

ನೆನಪಿತ್ತು. ಮಂಡಿಗಳಿಗಂತೂ ಚೆನ್ನಾಗಿಯೇ ನೆನಪಿತ್ತು. ಅಳಿಯ ಎಂಜಿನ್ ನಿಲ್ಲಿಸಿ, ಬಣ್ಣ ಕರಗಿಸುವ ಥಿನ್ನರಿನ ಬಟ್ಟೆಯಿಂದ ನಿಜವನ್ನು ಒರೆಸಿ, ಮತ್ತೆ ಓಡಿಸಿದ. ಕಿವಿಯಣ್ಣ ತಲೆ ತಗ್ಗಿಸಿ, ತನ್ನ ಕೈಯಾರೆ, ಚೆನ್ನಾಗಿ ಓಡುತ್ತಿದ್ದ ಎಂಜಿನ್ನನ್ನು ಕೆಡಿಸಿದ. ಅದು ನಡುಗಿತು, ಕೆಮ್ಮಿತು. ಲೋಟ ಉರುಳಿ ನೀರೆಲ್ಲ ಚೆಲ್ಲಿತು. ಸಾಹೇಬರು ಬೆಳಕು ಬಿಟ್ಟು "ಹೌದು" ಎಂದು ಗುರುತು ಹಾಕಿದರು. ಢಮಾರ್ ಎಂದು ಎಂಜಿನ್ ಪ್ರಾಣ ಬಿಟ್ಟಿತು. ಸಾಹೇಬರು ಮೊಹರು ಒತ್ತಿದರು. ಬ್ಯಾಟರಿಯವನೂ ಅಕ್ಕನೂ ಸೇರಿ, ಸುಸ್ಥಿತಿಯಲ್ಲಿದೆ ಎಂದು ಸರ್ಟಿಫಿಕೇಟು ಪಡೆದ ಕಾರನ್ನು ನೂಕಿಕೊಂಡು ಹೋಗಿ ಮೂಲೆಗೆ ನಿಲ್ಲಿಸಿದರು.

ಯಜಮಾನರು ಮಾತಿಗೆ ತಪ್ಪಲಿಲ್ಲ. ಅಳಿಯನನ್ನು ಎಬ್ಬಿಸಿ ಎಲ್ಲರೆದುರೇ ಕಿವಿಯಣ್ಣನನ್ನು ಕುರ್ಚಿಯಲ್ಲಿ ಕೂರಿಸಿದರು. ಅಕ್ಕ ಚಪ್ಪಾಳೆ ತಟ್ಟಿದಳು. ಹದಿನೆಂಟು ವರ್ಷದ ನೋವು ಮಂಡಿಯಿಂದ ಮೆಲ್ಲಗೆ ಇಳಿಯತೊಡಗಿತು.

"ಒಂದು ಷರತ್ತಿದೆ," ಎಂದರು ಸಾಹೇಬರು ಫೈಲು ಕಟ್ಟುತ್ತಾ. "ಪರವಾನಗಿ ಸಿಕ್ಕ ಮೇಲೆ ಇಲ್ಲಿಂದ ಹೊರಗೆ ಹೋಗೋ ಪ್ರತಿ ಗಾಡಿನೂ ಈ ಮಾದರಿಯಂತೇ ಇರ್ಬೇಕು. ಇದೇ ಜಾಗದಲ್ಲಿ ಬಿಳಿ ಗೀಟು. ಕೆಳಗೆ ಮೇಸ್ತ್ರಿಯ ಸಹಿ."

ಅಂಗಳದಲ್ಲಿ ಐದು ಕಾರು ನಿಂತಿದ್ದವು, ಐದೂ ಕಿವಿಯಣ್ಣನೇ ಕಟ್ಟಿದವು, ಐದೂ ಓಡುವಂಥವು. ಅಳಿಯ ಆಗಲೇ ಬಣ್ಣದ ಡಬ್ಬಿ ಹಿಡಿದು, ಸ್ಕೇಲು ಕಂಕುಳಲ್ಲಿಟ್ಟುಕೊಂಡು ಅತ್ತ ಹೊರಟಿದ್ದ. ಹೆರಿಗೆ ಆಸ್ಪತ್ರೆಯ ನರ್ಸಮ್ಮ ತಮ್ಮ ಕಾರಿನ ಕೀಲಿಗಾಗಿ ಗೇಟಿನಲ್ಲಿ ಕಾಯುತ್ತಿದ್ದರು.

"ಮೊದ್ಲು ನರ್ಸಮ್ಮನ ಗಾಡಿ," ಎಂದರು ಯಜಮಾನರು. "ಬಿಳಿಗೆ ತಿರುಗಿಸಿ ಸಹಿ ಹಾಕು."

ಕಿವಿಯಣ್ಣ ತನ್ನ ಕೈ ನೋಡಿಕೊಂಡ. ಬೆರಳ ತುದಿಯಲ್ಲಿ ಇನ್ನೂ ಹಳದಿ ಬಣ್ಣ.

"ತಿರುಗಿಸಲ್ಲ ಯಜಮಾನ್ರೆ."

"ಏನಂದೆ?"

"ದಾರಿ ಮಧ್ಯೆ ನಿಂತೋಗುತ್ತೆ. ತಿರುಗಿಸಲ್ಲ, ಸಹಿನೂ ಹಾಕಲ್ಲ."

"ಹಾಗಾದ್ರೆ ಕುರ್ಚಿಯಿಂದ ಏಳು."

ಕಿವಿಯಣ್ಣ ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದ. ಏಳುತ್ತಾನೆಂದೇ ಎಲ್ಲರೂ ಅಂದುಕೊಂಡರು.

"ಏಳಲ್ಲ," ಅಂದ.